ಗೊಬ್ಬರಕ್ಕೆ ಮೊದಲು ನೀರು ನೋಡು

ಮಗೂ, ಇಂಗ್ಲೆಂಡಿನ ಫೆನ್ಸ್ ಬಯಲಿನಲ್ಲಿ ತರಕಾರಿ ಬೆಳೆಯುವ ಫಾರಂಗೆ ಸೇರಿದ್ದೀಯ ಎಂದು ಕೇಳಿ ಸಂತೋಷವಾಯಿತು. ಅಲ್ಲಿನ ಹೊಲಕ್ಕೆ ಎಷ್ಟು ಕಾಂಪೋಸ್ಟ್ ಹಾಕಿಸಲಿ ಎಂದು ಕೇಳಿದ್ದೀಯ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಶೇಕಡಾ ಅರ್ಧ ದಾಟುವುದೇ ಕಷ್ಟ. ಅದಕ್ಕೇ ಇಲ್ಲಿ ಯಾರು ಕೇಳಿದರೂ ಗೊಬ್ಬರ ಹಾಕು ಅನ್ನುತ್ತೇವೆ. ಆ ಮಾತನ್ನು ಅಲ್ಲಿ ಹಾಗೇ ಅನ್ವಯಿಸಬೇಡ. ನಿನ್ನ ಕಾಲಡಿ ಇರುವ ಕರಿ ಪೀಟ್ ಮಣ್ಣು ಬಹುಪಾಲು ಸತ್ತ ಗಿಡಗಳದ್ದೇ ರಾಶಿ.

ಜೌಗಿನಲ್ಲಿ ಬಿದ್ದ ಜೊಂಡು, ಪಾಚಿ, ಬೇರು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿ ಆ ಮಣ್ಣಾಗಿದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಉಪ್ಪುನೀರಿನಲ್ಲಿ ಮುಳುಗಿರುವತನಕ ಉಪ್ಪಿನಕಾಯಿ ಕೆಡುವುದಿಲ್ಲ, ಮೇಲೆ ತೇಲಿದ ಹೋಳಿಗೆ ಬೂಷ್ಟು ಹಿಡಿಯುತ್ತದೆ. ಪೀಟ್ ಕಥೆಯೂ ಅದೇ. ಕಾಲುವೆ ತೋಡಿ, ಪಂಪ್ ಇಟ್ಟು ನೀರು ಬಸಿದ ಕೂಡಲೇ ಒಳಗೆ ಆಮ್ಲಜನಕ ಹೋಗುತ್ತದೆ. ಸೂಕ್ಷ್ಮಜೀವಿಗಳು ಹಳೆಯ ಇಂಗಾಲವನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಬಿಡುತ್ತವೆ.

ಬಿಡುವಾದಾಗ ಹೋಮ್ ಫೆನ್‌ಗೆ ಹೋಗಿ ಬಾ. 1851ರ ಸುಮಾರಿಗೆ ಅಲ್ಲಿನ ವಿಟಲ್ಸಿ ಸರೋವರವನ್ನು ಬತ್ತಿಸಿದಾಗ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮನಾಗುವಂತೆ ಹೂತಿದ್ದರು. ಇಂದು ಆ ತುದಿ ಸುಮಾರು 4 ಮೀಟರ್ ಎತ್ತರದಲ್ಲಿದೆ. ನೀರು ಹೋದ ಮೇಲೆ ಮಣ್ಣು ಕುಗ್ಗಿತು, ಕರಗಿತು. ನೆಲ ಅಷ್ಟು ಇಳಿಯಿತು.

ಇಂಥ ನೆಲಕ್ಕೆ ಹೊರಗಿನಿಂದ ಕಾಂಪೋಸ್ಟ್ ಸುರಿದು ಹೋದದ್ದನ್ನು ತುಂಬಿಕೊಡಲಾಗದು. ಸಾರಜನಕ ಹೆಚ್ಚಾದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಕೆಟ್ಟ ಅನಿಲ ಏಳುವ ಅಪಾಯವೂ ಇದೆ.

ಆದ್ದರಿಂದ ಯಜಮಾನರ ಹತ್ತಿರ ಮೊದಲು ನೀರಿನ ಮಟ್ಟದ ಮಾತೆತ್ತು. ಬಸಿದ ಪೀಟ್ ಹೊಲದಲ್ಲಿ ನೀರನ್ನು 10 ಸೆಂಟಿಮೀಟರ್ ಮೇಲೆತ್ತಿದರೆ ಹೆಕ್ಟೇರಿಗೆ ವರ್ಷಕ್ಕೆ 3 ಟನ್‌ನಷ್ಟಾದರೂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ತಪ್ಪುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಪೂರ್ತಿ ಮುಳುಗಿಸಿದರೆ ಮೀಥೇನ್ ಹೆಚ್ಚುತ್ತದೆ. ಮೇಲ್ಮೈಗಿಂತ ಸ್ವಲ್ಪ ಕೆಳಗೇ ನಿಲ್ಲಿಸಬೇಕು. ಸೆಲರಿ, ಲೆಟಿಸ್ ಇರುವಾಗ ಅಷ್ಟು ಎತ್ತಲಾಗದು ಎಂದರೆ, ಬೆಳೆಯಿಲ್ಲದ ಚಳಿಗಾಲದಲ್ಲಾದರೂ ಎತ್ತಲಿ. ಹೊಲವನ್ನು ಬರಿದಾಗಿ ಬಿಡಬೇಡಿ, ಹೊದಿಕೆ ಬೆಳೆ ಹಾಕಿ. ವಸಂತದ ಗಾಳಿಗೆ ಒಣ ಪೀಟ್ ಧೂಳೆದ್ದು ಹಾರಿಹೋಗುತ್ತದೆ. ತೀರ ತಗ್ಗಿನ ತುಂಡು ಇದ್ದರೆ ಅಲ್ಲಿ ಜೊಂಡನ್ನೇ ಬೆಳೆಸಿ ನೋಡಿ.

ಸಸಿ ಟ್ರೇಗೂ ಪೀಟ್ ಕೊಳ್ಳಬೇಡ. ನಮ್ಮ ಕಡೆಯ ತೆಂಗಿನ ನಾರಿನ ಪುಡಿ, ಕೋಕೋಪೀಟ್, ಹೊರದೇಶಗಳಿಗೂ ಹೋಗುತ್ತದೆ, ಅದನ್ನೇ ಬಳಸು.

ಭೂಮಿಯ ನೆಲದಲ್ಲಿ ಪೀಟ್ ಇರುವುದು ಶೇಕಡಾ 3ರಷ್ಟು ಮಾತ್ರ. ಆದರೆ ಜಗತ್ತಿನ ಕಾಡುಗಳ ಮರಗಳಲ್ಲೆಲ್ಲ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ನಿನ್ನ ಕೈಗೆ ಬಂದಿರುವ ಆ ನೆಲವನ್ನು ಒದ್ದೆಯಾಗಿಟ್ಟು ಕಾಪಾಡು, ಮಗೂ.