ಕೊಲೆಗಾರನೂ ಸಿಗಲಿ, ವರನೂ ಸಿಗಲಿ

ಪುಟ್ಟಿ, ಈ ತಿಂಗಳು ಓದಿದ ಪುಸ್ತಕಗಳ ಪಟ್ಟಿ ಕಳಿಸಿದ್ದೀಯ. ಮುಕ್ಕಾಲು ಪಾಲು ಕೊಲೆ, ಉಳಿದದ್ದು ಪ್ರೇಮ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಳಗೆ ‘ಬೈಬೇಡಿ ದೊಡ್ಡಮ್ಮ, ಮುಂದಿನ ತಿಂಗಳು ಒಳ್ಳೆ ಪುಸ್ತಕ ಓದ್ತೀನಿ’ ಅಂತ ಬೇರೆ ಸೇರಿಸಿದ್ದೀಯ. ಬೈಯುವುದಾದರೆ ಆ ಸಾಲಿಗೇ ಬೈಯಬೇಕು. ದಿನವಿಡೀ ಆಫೀಸಿನಲ್ಲಿ ದುಡಿದು, ಪಿ.ಜಿ.ಯ ನೀರುಸಾರು ಉಂಡು, ಮಂಚದ ಮೇಲೆ ಕಾಲು ಚಾಚಿ ಕಾದಂಬರಿ ಹಿಡಿದವಳು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ನನಗಂತೂ ಬೇಡವೇ ಬೇಡ.

ನಾನು ಇಡೀ ನೌಕರಿ ಕಳೆದದ್ದು ಲೈಬ್ರರಿಯ ಮೇಜಿನ ಹಿಂದೆ. ಬೈಂಡಿಂಗಿಗೆ ಕಳಿಸಲು ಹರಿದ ಪುಸ್ತಕಗಳನ್ನು ಗುಡ್ಡೆ ಹಾಕುವಾಗ ಆ ಗುಡ್ಡೆಯಲ್ಲಿ ಯಾರಿರುತ್ತಿದ್ದರು ಗೊತ್ತೇ? ಎನ್. ನರಸಿಂಹಯ್ಯ, ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಆಮೇಲೆ ಯಂಡಮೂರಿ. ಪ್ರಶಸ್ತಿ ಬಂದ ಎಷ್ಟೋ ಗ್ರಂಥಗಳು ಹೊಚ್ಚಹೊಸದಾಗಿ, ಧೂಳು ಬಿಟ್ಟರೆ ಯಾವ ಕಳಂಕವೂ ಇಲ್ಲದೆ ಬೀರುವಿನಲ್ಲೇ ಇರುತ್ತಿದ್ದವು. ಪ್ರೇಮಕಾದಂಬರಿ ಒಯ್ಯುವ ಹೆಂಗಸರು ಓದಿದ್ದನ್ನೇ ಮತ್ತೆ ತೆಗೆದುಕೊಂಡು ಹೋಗಬಾರದು ಅಂತ ತಮ್ಮ ತಮ್ಮ ಗುರುತು ಹಾಕಿಡುತ್ತಿದ್ದರು. ಒಬ್ಬಾಕೆ ಒಂದು ಗೊತ್ತಾದ ಪುಟದ ಮೂಲೆಯಲ್ಲಿ ಚುಕ್ಕೆ ಇಡುವವಳು, ಇನ್ನೊಬ್ಬಾಕೆ ಪುಟಸಂಖ್ಯೆಗೆ ಸುತ್ತು ಹಾಕುವವಳು. ಒಂದೇ ಪುಸ್ತಕದಲ್ಲಿ ಒಂದೇ ಕೈಯ ಎರಡು ಚುಕ್ಕೆ, ಮೂರು ಚುಕ್ಕೆ ಕಂಡಾಗ ನನಗೆ ಖುಷಿಯಾಗುತ್ತಿತ್ತು. ಗೊತ್ತಿದ್ದೂ ಮತ್ತೆ ಒಯ್ದಿದ್ದಾಳೆ! ಪತ್ತೇದಾರಿ ಓದುವ ಗಂಡಸರ ಚಾಳಿಯೇ ಬೇರೆ. ಮೂರನೇ ಪುಟದಲ್ಲಿ ಒಂದು ಪಾತ್ರದ ಹೆಸರು ಬಂದ ಕೂಡಲೇ ಪಕ್ಕದಲ್ಲಿ ಪೆನ್ಸಿಲಿನಿಂದ ‘ಇವನೇ’ ಅಂತ ಬರೆದುಬಿಡುವುದು. ರಬ್ಬರ್ ಹಿಡಿದು ಅದನ್ನು ಅಳಿಸುವುದೂ ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಇಂಥವನ್ನು ಓದುವುದು ಕೀಳು ಅನ್ನುವವರಿಗೆ ನರಸಿಂಹಯ್ಯನವರ ಹೆಸರು ಹೇಳು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಮನುಷ್ಯ, ಹೊಟ್ಟೆಪಾಡಿಗೆ ಹತ್ತಾರು ಕೆಲಸ ಮಾಡಿ, 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಆಮೇಲೆ ನಿಲ್ಲಲೇ ಇಲ್ಲ. ಐನೂರರ ಆಸುಪಾಸು ಕಾದಂಬರಿ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ ಎಷ್ಟೋ ಜನ ಸಲೀಸಾಗಿ ಕನ್ನಡ ಓದಲು ಕಲಿತದ್ದು ಆ ಪುಸ್ತಕಗಳಿಂದ. ರಾಜ್ಯೋತ್ಸವಕ್ಕೆ ನಿಮ್ಮ ಆಫೀಸಿನ ಮುಂದೆ ಹಾರಿಸುತ್ತಾರಲ್ಲ ಹಳದಿ-ಕೆಂಪು ಬಾವುಟ, ಅದಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇನ್ನು ತ್ರಿವೇಣಿಯವರಿಂದ ಹಿಡಿದು ಎಲ್ಲ ಹೆಂಗಸರ ಬರವಣಿಗೆಯನ್ನೂ ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿದವರು ಮೂರು ಹೊತ್ತೂ ಉಂಡದ್ದು ಎಲ್ಲಿಂದಲೋ, ನಾನು ಕೇಳಲಿಲ್ಲ.

ಓದು ಅಂತ ಹೇಳಿದ ಮೇಲೆ ಹೇಗೆ ಓದು ಅಂತಲೂ ಹೇಳಬೇಕಲ್ಲ. ಕೊಲೆಯ ಕಥೆ ನಿನಗೆ ಅನುಮಾನಪಡುವುದನ್ನು ಕಲಿಸುತ್ತದೆ. ಪ್ರೇಮದ ಕಥೆ ಕ್ಷಮಿಸುವುದನ್ನು ಕಲಿಸುತ್ತದೆ. ಎರಡೂ ಬೇಕಾದ ವಿದ್ಯೆಗಳೇ. ನನ್ನ ಮಾತು ಇಷ್ಟೇ, ಅವನ್ನು ಅದಲು ಬದಲು ಮಾಡಿಕೊ. ಕೊಲೆಯ ಕಥೆಯನ್ನು ಮರುಕದಿಂದ ಓದು, ಪ್ರೇಮದ ಕಥೆಯನ್ನು ಪತ್ತೇದಾರನ ಕಣ್ಣಿಟ್ಟು ಓದು.

ನಿನ್ನ ಪಟ್ಟಿಯಲ್ಲಿ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ನೋಡಿ ಹಿಗ್ಗಿದೆ. 1868ರ ಪುಸ್ತಕ, ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಶುರುವಾಗುವುದು ಎಲ್ಲಿಂದ ನೋಡು: 1799, ಶ್ರೀರಂಗಪಟ್ಟಣದ ಮುತ್ತಿಗೆ. ನೀನು ಮೈಸೂರಿಗೆ ಬರುವಾಗ ರೈಲಿನ ಕಿಟಕಿಯಿಂದ ಕಾಣುವ ಅದೇ ಕೋಟೆ. ಟಿಪ್ಪುವಿನ ಭಂಡಾರದಲ್ಲಿದ್ದ ವಜ್ರಕ್ಕಾಗಿ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿ ಅದರ ಕಾವಲಿನವರನ್ನು ಕೊಲ್ಲುತ್ತಾನೆ. ಎಷ್ಟೋ ವರ್ಷದ ಮೇಲೆ ಆ ವಜ್ರ ಇಂಗ್ಲೆಂಡಿನ ರೇಚಲ್ ಎಂಬ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಅವಳ ಕೋಣೆಯಿಂದ ಮಾಯವಾಗುತ್ತದೆ. ಆಗ ಲಂಡನ್ನಿನಿಂದ ಪತ್ತೇದಾರ ಬರುತ್ತಾನೆ, ಮನೆಯವರೆಲ್ಲ ಹೇಳಿಕೆ ಕೊಡುತ್ತಾರೆ, ಪುಟ ಮೇಲೆ ಪುಟ ತನಿಖೆ. ಶ್ರೀರಂಗಪಟ್ಟಣದಲ್ಲಿ ನಡೆದ ಮೊದಲ ಕಳ್ಳತನಕ್ಕೆ, ಮೊದಲ ಕೊಲೆಗೆ ಯಾವ ಪತ್ತೇದಾರನೂ ಬಂದಿರಲಿಲ್ಲ. ಕಾಲಿನ್ಸ್‌ಗೆ ಇದು ಗೊತ್ತಿತ್ತು ಅನ್ನುವುದೇ ಆತನ ದೊಡ್ಡತನ. ಕೊನೆಗೆ ಆ ವಜ್ರ ಎಲ್ಲಿ ಸೇರುತ್ತದೆ ಅಂತ ನೀನೇ ಓದಿದ್ದೀಯಲ್ಲ.

ಅದೇ ಪುಸ್ತಕದಲ್ಲಿ ರೊಸಾನಾ ಎಂಬ ಕೆಲಸದ ಹುಡುಗಿ ಇದ್ದಾಳೆ, ನೆನಪಾಯಿತೇ? ಹಿಂದೊಮ್ಮೆ ಕಳ್ಳತನ ಮಾಡಿ ಜೈಲು ಕಂಡವಳು, ಒಂದು ಭುಜ ಡೊಂಕು. ಮನೆಗೆ ಬಂದ ಫ್ರ್ಯಾಂಕ್ಲಿನ್ ಎಂಬ ಯುವಕನನ್ನು ರೇಚಲ್ಲೂ ಪ್ರೀತಿಸುತ್ತಾಳೆ, ಇವಳೂ ಪ್ರೀತಿಸುತ್ತಾಳೆ. ರೇಚಲ್ ಪ್ರೀತಿಯನ್ನು ಇಡೀ ಮನೆ ಗಮನಿಸುತ್ತದೆ. ಇವಳದ್ದನ್ನು ಆ ಯುವಕನೇ ಗಮನಿಸುವುದಿಲ್ಲ. ಅವಳು ಹೂಳುಮರಳಿಗೆ ಬಿದ್ದು ಪ್ರಾಣ ಬಿಡುತ್ತಾಳೆ. ಅವಳು ಬರೆದಿಟ್ಟ ಕಾಗದ ಆಮೇಲೆ ಅವನ ಕೈ ಸೇರುತ್ತದೆ. ಕಳ್ಳ ಯಾರು ಅನ್ನುವ ಅವಸರದಲ್ಲಿ ಆ ಕಾಗದವನ್ನು ನೀನು ಓಡೋಡಿಸಿ ಓದಿರುತ್ತೀಯ. ಎಲ್ಲರೂ ಹಾಗೇ ಓದುವುದು. ಈ ಭಾನುವಾರ ಅಷ್ಟನ್ನು ಮಾತ್ರ ತೆಗೆದು ನಿಧಾನವಾಗಿ ಓದು. ಪ್ರೇಮದ ಕಥೆ ಬೇಕು ಅನ್ನುತ್ತೀಯಲ್ಲ, ಅದಕ್ಕಿಂತ ದೊಡ್ಡದು ನಿನ್ನ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಅಗಾಥಾ ಕ್ರಿಸ್ಟಿಯವರಲ್ಲೂ ಈ ಮರುಕವನ್ನು ನೋಡಬಹುದು. ‘ಎ ಪಾಕೆಟ್ ಫುಲ್ ಆಫ್ ರೈ’ (1953) ಪುಸ್ತಕದಲ್ಲಿ ದೊಡ್ಡ ಸಾಹುಕಾರ ಸಾಯುತ್ತಾನೆ, ಅವನ ಹೆಂಡತಿ ಸಾಯುತ್ತಾಳೆ, ಜೊತೆಗೆ ಗ್ಲ್ಯಾಡಿಸ್ ಎಂಬ ಕೆಲಸದ ಹುಡುಗಿಯೂ ಸಾಯುತ್ತಾಳೆ. ಅವಳ ಹೆಣದ ಮೂಗಿಗೆ ಕೊಲೆಗಾರ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿರುತ್ತಾನೆ. ಅನಾಥಾಶ್ರಮದಿಂದ ಬಂದ ಆ ಪೆದ್ದು ಹುಡುಗಿಗೆ ಮನೆಕೆಲಸ ಕಲಿಸಿದ್ದವರು ಪತ್ತೇದಾರಿಕೆ ಮಾಡುವ ಮಿಸ್ ಮಾರ್ಪಲ್. ಆ ಮುದುಕಿ ರೈಲು ಹತ್ತಿ ಬರುವುದು ಸಾಹುಕಾರನಿಗಾಗಿ ಅಲ್ಲ, ಆ ಕ್ಲಿಪ್ಪಿನ ಅವಮಾನಕ್ಕಾಗಿ. ಪತ್ತೇದಾರಿ ಕಾದಂಬರಿಯಲ್ಲಿ ಸತ್ತವರಿಗಾಗಿ ಯಾರಾದರೂ ಅಳುತ್ತಾರೋ ಇಲ್ಲವೋ ಅಂತ ನೋಡುವುದನ್ನು ಅಭ್ಯಾಸ ಮಾಡಿಕೊ. ಯಾರೂ ಅಳದಿದ್ದರೆ ಬರೆದವರು ಬರೀ ಲೆಕ್ಕ ಬಿಡಿಸುತ್ತಿದ್ದಾರೆ. ಲೆಕ್ಕವೂ ಚೆಂದವೇ, ಒಂದು ಸಂಜೆಗೆ.

ಇನ್ನು ಪ್ರೇಮ. ನೀನು ಮೊಬೈಲಿನಲ್ಲಿ ಓದಿದ ಮಿಲ್ಸ್ ಅಂಡ್ ಬೂನ್‌ಗಳೂ, ನಿಮ್ಮಮ್ಮನ ಟ್ರಂಕಿನಿಂದ ಎತ್ತಿಕೊಂಡು ಹೋದ ಕನ್ನಡದವೂ ಒಂದೇ ಗೋತ್ರ. ನಾಯಕ ಶ್ರೀಮಂತ, ಮುಂಗೋಪಿ, ಸದಾ ಹುಬ್ಬು ಗಂಟು. ನಮ್ಮ ಕಡೆಯವನಾದರೆ ಒಂದು ಕಾಫಿ ಎಸ್ಟೇಟು, ಒಂದು ಕಾರು, ಗೋಡೆಯ ಮೇಲೆ ತೀರಿಹೋದ ತಾಯಿಯ ಫೋಟೊ. ಮೊದಲ ಭೇಟಿಯಲ್ಲೇ ನಾಯಕಿಗೆ ಅವಮಾನ ಮಾಡುತ್ತಾನೆ, ನಡುವೆ ಒಂದೆರಡು ಸಲ ಕೈ ಹಿಡಿದು ಎಳೆಯುತ್ತಾನೆ, ಕೊನೆಗೆ ಅದೆಲ್ಲವೂ ಪ್ರೀತಿಯಂತೆ! ಓದುವಾಗ ಎದೆ ಡವಗುಟ್ಟಲಿ, ಅದಕ್ಕೇ ತಾನೇ ಓದುವುದು. ಪುಸ್ತಕ ಮುಚ್ಚಿದ ಮೇಲೆ ಮಾತ್ರ ಆಸಾಮಿಯನ್ನು ಕೂರಿಸಿಕೊಂಡು ವಿಚಾರಣೆ ಮಾಡು. ಡ್ರೈವರ್ ತಡವಾಗಿ ಬಂದ ದಿನ ಇವನು ಏನಂದ? ಅಡುಗೆಯವಳ ಹೆಸರು ಇವನಿಗೆ ಗೊತ್ತೇ? ನಾಯಕಿ ಟೀಚರ್ ಕೆಲಸ ಮಾಡುತ್ತಿದ್ದಳಲ್ಲ, ಮದುವೆಯಾದ ಮೇಲೆ ಆ ಕೆಲಸ ಎಲ್ಲಿ ಹೋಯಿತು? ತಪ್ಪಾಯಿತು ಅಂತ ಯಾವ ಪುಟದಲ್ಲಿ ಹೇಳಿದ, ಹೇಳಿದ ಮೇಲೆ ನಡತೆಯಲ್ಲಿ ಏನು ಬದಲಾಯಿತು?

ಈ ಮುಂಗೋಪಿಗಳ ಮೂಲಪುರುಷ ಡಾರ್ಸಿ ಈ ವಿಚಾರಣೆಯಲ್ಲಿ ಪಾಸಾಗುತ್ತಾನೆ. 1813ರಲ್ಲೇ ಜೇನ್ ಆಸ್ಟಿನ್ ಎಷ್ಟು ಜಾಣತನ ಮಾಡಿದ್ದಾರೆ ನೋಡು. ನಾಯಕಿ ಎಲಿಜಬೆತ್ ಅವನ ಬಂಗಲೆ ನೋಡಲು ಹೋದಾಗ ಸಾಕ್ಷಿ ಹೇಳುವುದು ಮನೆವಾರ್ತೆ ನೋಡಿಕೊಳ್ಳುವ ಹೆಂಗಸು: ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಬಲ್ಲೆ, ನನಗೆ ಒಂದು ಗದರು ಮಾತೂ ಆಡಿದವನಲ್ಲ ಅನ್ನುತ್ತಾಳೆ. ಅವನು ತಪ್ಪಿಗೆ ಬರೀ ಮಾತಿನ ಕ್ಷಮೆ ಕೇಳದೆ, ಎಲಿಜಬೆತ್ ತಂಗಿಯ ಮಾನ ಉಳಿಸಲು ದುಡ್ಡು ಸುರಿದು ಓಡಾಡಿ, ಅದನ್ನು ಅವಳಿಗೆ ತಿಳಿಯದ ಹಾಗೆ ಇಟ್ಟಿರುತ್ತಾನೆ. ಇವನನ್ನು ನೋಡಿ ಬರೆದ ನೂರಾರು ಜನ ಅವನ ಹುಬ್ಬನ್ನು ಮಾತ್ರ ನಕಲು ಮಾಡಿದರು.

ಮತ್ತೆ, ಪ್ರೇಮಕಾದಂಬರಿ ಮುಗಿಯುವುದು ಹಸೆಮಣೆಯಲ್ಲಿ. ಆಮೇಲೆ ಏನಾಯಿತು ಅಂತ ಕೇಳಿದವರು ತ್ರಿವೇಣಿ. ಮನಃಶಾಸ್ತ್ರ ಓದಿದ್ದವರು. ‘ಶರಪಂಜರ’ದ ಕಾವೇರಿ ಹೆರಿಗೆಯ ಬಳಿಕ ಮನಸ್ಸಿನ ಕಾಯಿಲೆಗೆ ಬಿದ್ದು, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಯಿತು, ಮನೆಯವರ ಕಣ್ಣಿನಲ್ಲಿ ಅವಳು ಹುಚ್ಚಿಯಾಗಿಯೇ ಉಳಿದಳು. ಸಿನಿಮಾ ನೋಡಿದ್ದೇನೆ ಸಾಕು ಅನ್ನಬೇಡ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತಮ್ಮ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದನ್ನು ತಿಳಿದು ಓದಿದರೆ ಆ ಬಾಣಂತಿಯ ಪುಟಗಳು ಬೇರೆಯೇ ಆಗಿ ಕಾಣುತ್ತವೆ.

ನೀನು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಒಂದರ ಬೆನ್ನಿಗೆ ಒಂದು ಪುಸ್ತಕ ಹಿಡಿದಿದ್ದೀಯ, ನಡುವೆ ಒಂದು ದಿನವೂ ಖಾಲಿ ಬಿಟ್ಟಂತಿಲ್ಲ. ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ಕ್ರಿಸ್ಟಿಯೇ ತೋರಿಸಿದ್ದಾರೆ. ಕ್ರಿಸ್ಟಿ ಮೇರಿ ವೆಸ್ಟ್‌ಮ್ಯಾಕಟ್ ಅನ್ನುವ ಹೆಸರಿನಲ್ಲಿ ಕೊಲೆಯಿಲ್ಲದ ಆರು ಕಾದಂಬರಿ ಬರೆದರು. ಸುಮಾರು ಇಪ್ಪತ್ತು ವರ್ಷ ಆ ಗುಟ್ಟು ಹೊರಗೆ ಬೀಳಲಿಲ್ಲ. ಅವುಗಳಲ್ಲಿ 1944ರ ‘ಆಬ್ಸೆಂಟ್ ಇನ್ ದ ಸ್ಪ್ರಿಂಗ್’ ಅನ್ನು ಮೂರೇ ದಿನದಲ್ಲಿ ಬರೆದು ಮುಗಿಸಿದರಂತೆ. ಬಾಗ್ದಾದಿನಲ್ಲಿ ಮಗಳನ್ನು ನೋಡಿಕೊಂಡು ಇಂಗ್ಲೆಂಡಿಗೆ ಹೊರಟ ಒಬ್ಬ ಗೃಹಿಣಿ, ರೈಲು ತಪ್ಪಿ ಮರುಭೂಮಿಯ ತಂಗುದಾಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಕೈಯಲ್ಲಿದ್ದ ಪುಸ್ತಕ ಓದಿ ಮುಗಿದವು. ಮಾತಿಗೆ ಜನವಿಲ್ಲ. ಆಮೇಲೆ ತಲೆ ತಾನಾಗಿ ಕೆಲಸ ಶುರು ಮಾಡುತ್ತದೆ: ಸ್ಟೇಷನ್ನಿನಲ್ಲಿ ಬೀಳ್ಕೊಟ್ಟು ಹೋಗುವಾಗ ಗಂಡನ ನಡಿಗೆ ಯಾಕೆ ಅಷ್ಟು ಹಗುರವಾಗಿತ್ತು? ಮಕ್ಕಳು ಯಾಕೆ ತನ್ನ ಹತ್ತಿರ ಏನೂ ಹೇಳುವುದಿಲ್ಲ? ಕ್ರಿಸ್ಟಿ ಬರೆದ ಪತ್ತೇದಾರಿಗಳಲ್ಲೆಲ್ಲ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ. ಅದರಲ್ಲಿ ಕಳ್ಳನೂ ಅವಳೇ, ಪೊಲೀಸೂ ಅವಳೇ. ಆದ್ದರಿಂದ ಒಂದು ಕಾದಂಬರಿ ಮುಗಿದ ರಾತ್ರಿಯೇ ಇನ್ನೊಂದನ್ನು ಡೌನ್‌ಲೋಡ್ ಮಾಡಬೇಡ. ಎರಡು ದಿನ ಬಿಡು. ಬಸ್ಸಿನಲ್ಲಿ ಸುಮ್ಮನೆ ಕಿಟಕಿ ನೋಡು. ಆಫೀಸಿನಲ್ಲಿ ಏನೋ ಸರಿಯಿಲ್ಲ ಅಂತ ಫೋನಿನಲ್ಲಿ ಅರ್ಧ ಹೇಳಿ ನಿಲ್ಲಿಸಿದೆಯಲ್ಲ, ಅದನ್ನು ಎರಡು ಪುಸ್ತಕಗಳ ಆ ಸಂದಿಯಲ್ಲಿ ಯೋಚಿಸು.

‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಓದಿ ಮೋಸ ಹೋದೆ ಅಂತ ಸಿಟ್ಟಾಗಿದ್ದೀಯ. ಆಗಿನ ಓದುಗರೂ ಸಿಟ್ಟಾಗಿದ್ದರು. ಈಗ ಕೊಲೆಗಾರ ಗೊತ್ತಾಗಿದೆಯಲ್ಲ, ಮೊದಲಿನಿಂದ ಮತ್ತೊಮ್ಮೆ ಓದು, ಪೆನ್ಸಿಲ್ ಹಿಡಿದು. ನಿರೂಪಣೆಯಲ್ಲಿ ಒಂದು ಸುಳ್ಳಾದರೂ ಸಿಕ್ಕುತ್ತದೋ ನೋಡು. ಪ್ರತಿ ಸಾಲೂ ನಿಜ, ನಡುವೆ ಬಿಟ್ಟದ್ದರಲ್ಲಿ ಮೋಸ. ನಾಳೆ ಸಂಬಳ ಹೆಚ್ಚಿಸುವ ಮಾತಾಡಲು ನಿನ್ನನ್ನು ಎದುರಿಗೆ ಕೂರಿಸಿಕೊಳ್ಳುವವರೂ ಹೀಗೇ ಮಾತಾಡುತ್ತಾರೆ.

ಮುಂದಿನ ತಿಂಗಳಿಗೆ ‘ಒಳ್ಳೆಯ ಪುಸ್ತಕ’ ನಾನೇ ಹೇಳುತ್ತೇನೆ: ಡೊರೊತಿ ಸೇಯರ್ಸ್ ಬರೆದ ‘ಸ್ಟ್ರಾಂಗ್ ಪಾಯ್ಸನ್’ (1930), ಆಮೇಲೆ ‘ಗಾಡಿ ನೈಟ್’ (1935). ಮೊದಲನೆಯದರಲ್ಲಿ ಹ್ಯಾರಿಯೆಟ್ ಎಂಬ ಪತ್ತೇದಾರಿ ಲೇಖಕಿಯ ಮೇಲೆಯೇ ವಿಷವಿಕ್ಕಿದ ಆರೋಪ. ಪತ್ತೇದಾರ ಪೀಟರ್ ವಿಮ್ಸಿ ಅವಳನ್ನು ನೇಣಿನಿಂದ ತಪ್ಪಿಸುತ್ತಾನೆ, ಮದುವೆಯಾಗು ಅಂತಲೂ ಅನ್ನುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಪ್ರಾಣ ಉಳಿಸಿದವನ ಋಣಕ್ಕೆ ಕಟ್ಟುಬಿದ್ದು ಸಂಸಾರ ಮಾಡಲಾರಳು. ಅವನು ಕೇಳುತ್ತಲೇ ಇರುತ್ತಾನೆ, ಇವಳು ಒಲ್ಲೆ ಅನ್ನುತ್ತಲೇ ಇರುತ್ತಾಳೆ, ವರ್ಷಗಳು ಉರುಳುತ್ತವೆ. ಎರಡನೆಯದು ಆಕ್ಸ್‌ಫರ್ಡಿನ ಹೆಂಗಸರ ಕಾಲೇಜಿನಲ್ಲಿ ನಡೆಯುತ್ತದೆ. ಒಂದು ಕೊಲೆಯೂ ಇಲ್ಲ, ಆದರೂ ರಾತ್ರಿ ನಿದ್ದೆಗೆಡಿಸುತ್ತದೆ. ದಪ್ಪ ಪುಸ್ತಕ. ಶುರುವಿನಲ್ಲಿ ಮೇಡಂಗಳು ಊಟಕ್ಕೆ ಕೂತು ಆಡುವ ಮಾತೇ ಜಾಸ್ತಿ, ಬೇಜಾರಾದರೆ ಹಾರಿಸು. ಕೊನೆಯಲ್ಲಿ ಲ್ಯಾಟಿನ್ ಬರುತ್ತದೆ, ಗಾಬರಿಯಾಗಬೇಡ, ಏನು ಕೇಳುತ್ತಿದ್ದಾನೆ ಅಂತ ನಿನಗೆ ತಿಳಿಯುತ್ತದೆ. ನಿಮ್ಮಮ್ಮ ಏನು ಓದುತ್ತಿದ್ದೀಯ ಅಂತ ಕೇಳಿದರೆ ಹೆಂಗಸರ ಉನ್ನತ ಶಿಕ್ಷಣದ ಬಗ್ಗೆ ಅಂತ ಹೇಳು. ಸುಳ್ಳೇನೂ ಅಲ್ಲ.