ಎಣಿಕೆಗೆ ಸಿಕ್ಕದ ನೋವು

ಜ್ವರ ನೋಡಲು ಬಳಸುವ ಉಷ್ಣತಾಮಾಪಕವನ್ನು ವಾಚಕರೆಲ್ಲರೂ ಕಂಡಿದ್ದಾರೆ. ಅದರ ಗೆರೆಗಳು 35 ಡಿಗ್ರಿಯಿಂದ ಮೊದಲಾಗುತ್ತವೆ. ಅದನ್ನು ಮಂಜುಗಡ್ಡೆಯ ನಡುವೆ ಇಟ್ಟರೆ ಯಾವ ಗೆರೆಯೂ ಉತ್ತರ ಹೇಳದು. ಆದಕಾರಣ ಮಂಜುಗಡ್ಡೆಗೆ ತಂಪೇ ಇಲ್ಲವೆಂದು ಯಾರಾದರೂ ವಾದಿಸಿದರೆ ನಾವು ನಗುತ್ತೇವೆ. ಉಪಕರಣದಲ್ಲಿ ಗೆರೆಯಿಲ್ಲದಿರುವುದು ಬೇರೆ, ವಸ್ತುವಿನಲ್ಲಿ ಗುಣವಿಲ್ಲದಿರುವುದು ಬೇರೆ. ಪ್ರಯೋಗಶಾಲೆಯಲ್ಲಿ ಇಷ್ಟು ಸುಲಭವಾಗಿ ತಿಳಿಯುವ ಈ ಮಾತು ಸಮಾಜದ ವಿಷಯದಲ್ಲಿ ಅಷ್ಟು ಸುಲಭವಾಗಿ ನಮಗೆ ಹೊಳೆಯುವುದಿಲ್ಲ. ಅದನ್ನು ತೋರಿಸಿಕೊಡುವ ಒಂದು ನಿಜವಾದ ಪ್ರಸಂಗವನ್ನು ಇಲ್ಲಿ ಪರಿಶೀಲಿಸೋಣ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ನಗರಕ್ಕೆ ಸಮೀಪವಾಗಿ, ಓಕ್ ಕ್ರೀಕ್ ಎಂಬ ಊರಿದೆ. 2012ರ ಆಗಸ್ಟ್ 5, ಭಾನುವಾರ ಬೆಳಗ್ಗೆ ಅಲ್ಲಿಯ ಗುರುದ್ವಾರದಲ್ಲಿ ಲಂಗರಿನ ಅಡುಗೆ ನಡೆದಿತ್ತು. ಬಿಳಿಯರೇ ಶ್ರೇಷ್ಠರೆಂಬ ಮತವನ್ನು ಹಿಡಿದಿದ್ದ ಒಬ್ಬನು ಬಂದೂಕು ಹಿಡಿದು ಬಂದು ಆರು ಜನರನ್ನು ಕೊಂದನು. ಗಾಯಗೊಂಡವರಲ್ಲಿ ಒಬ್ಬರು ಏಳು ವರ್ಷಗಳಿಗೂ ಮಿಗಿಲಾಗಿ ಪಾರ್ಶ್ವವಾಯುವಿನಿಂದ ನರಳಿ 2020ರಲ್ಲಿ ತೀರಿಕೊಂಡರು. ನೆರವಿಗೆ ಧಾವಿಸಿದ ಪೊಲೀಸ್ ಅಧಿಕಾರಿಯೊಬ್ಬರಿಗೆ ಹದಿನೈದು ಗುಂಡುಗಳು ತಗುಲಿದರೂ ಅವರು ಬದುಕಿ ಉಳಿದರು.

ಜನರ ಪ್ರತಿಕ್ರಿಯೆ ಶೀಘ್ರವಾಗಿಯೇ ಬಂದಿತು. ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸಲಾಯಿತು. ಊರೂರುಗಳಲ್ಲಿ ಸಿಖ್ಖರೊಡನೆ ಇತರ ಮತದವರೂ ಮೇಣದ ಬತ್ತಿಗಳನ್ನು ಹಿಡಿದು ನಿಂತರು. ಇದು ಮನುಷ್ಯಸಹಜವಾದ ಒಳ್ಳೆಯತನ, ಇದನ್ನು ಕಡೆಗಣಿಸಲಾಗದು. ಆದರೆ ಮಡಿದವರ ಮನೆಯವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ದ್ವೇಷಾಪರಾಧಗಳ ಅಂಕಿ ಅಂಶಗಳನ್ನು ಕೂಡಿಸಬೇಕೆಂಬ ಕಾನೂನು ಆ ದೇಶದಲ್ಲಿ 1990ರಿಂದಲೂ ಇದೆ. ಲೆಕ್ಕವನ್ನು ಕೂಡಿಸುವ ಸಂಸ್ಥೆ ಎಫ್.ಬಿ.ಐ. ಆ ಲೆಕ್ಕದ ನಮೂನೆಯಲ್ಲಿ ಸಿಖ್ಖರಿಗೆ ಪ್ರತ್ಯೇಕವಾದ ಕಲಮೇ ಇರಲಿಲ್ಲ. ತಾಯಿಯನ್ನು ಕಳೆದುಕೊಂಡ ಹದಿನೆಂಟು ವರ್ಷದ ಹುಡುಗನೊಬ್ಬನು ಆ ಸೆಪ್ಟೆಂಬರಿನಲ್ಲಿ ಸೆನೆಟ್ ಸಮಿತಿಯೆದುರು ನಿಂತು, ತನ್ನ ತಾಯಿಗೆ ಲೆಕ್ಕದಲ್ಲಿ ಒಂದು ಅಂಕಿಯಾಗುವಷ್ಟು ಗೌರವವನ್ನಾದರೂ ಕೊಡಿರೆಂದು ಕೇಳಿಕೊಂಡನು. ಅಂಕಿಗಳು ಹೃದಯಹೀನವೆಂದು ಹೇಳುವವರು ಈ ಮಾತನ್ನು ನೆನೆಯಬೇಕು.

ಆ ಬೇಡಿಕೆ ನಿಷ್ಫಲವಾಗಲಿಲ್ಲ. 2013ರಲ್ಲಿ ಸರ್ಕಾರ ಒಪ್ಪಿ, 2015ರಿಂದ ಸಿಖ್ಖರು, ಹಿಂದೂಗಳು, ಬೌದ್ಧರು ಮೊದಲಾದವರ ಮೇಲಿನ ಅಪರಾಧಗಳನ್ನು ಬೇರೆಬೇರೆಯಾಗಿ ಎಣಿಸತೊಡಗಿತು. ಸಿಖ್ಖರ ಮೇಲಿನ ಘಟನೆಗಳೆಂದು 2015ರಲ್ಲಿ ದಾಖಲಾದವು 6, 2017ರಲ್ಲಿ 20, 2018ರಲ್ಲಿ 60. ಹಾಗಾದರೆ ಮೂರೇ ವರ್ಷಗಳಲ್ಲಿ ದ್ವೇಷ ಹತ್ತು ಪಟ್ಟಾಯಿತೆ? ಅವಸರಪಟ್ಟು ಹಾಗೆನ್ನುವಂತಿಲ್ಲ. ದೂರದರ್ಶಕದ ಮಸೂರವನ್ನು ದೊಡ್ಡದು ಮಾಡಿದಾಗ ಹೆಚ್ಚು ನಕ್ಷತ್ರಗಳು ಕಾಣುತ್ತವೆ. ನಕ್ಷತ್ರಗಳು ಆ ರಾತ್ರಿ ಹುಟ್ಟಿದವಲ್ಲ. ಹೊಸ ಕಲಮಿಗೆ ಪೊಲೀಸರು ಪಳಗಿದುದರಿಂದಲೂ, ಪೀಡಿತರು ಧೈರ್ಯವಾಗಿ ದೂರು ಕೊಟ್ಟುದರಿಂದಲೂ ಅಂಕಿ ಏರಬಹುದು. ದ್ವೇಷವೇ ಹೆಚ್ಚಿದುದರಿಂದಲೂ ಏರಬಹುದು. ಅಂಕಿಯೊಂದರಿಂದಲೇ ಇವುಗಳನ್ನು ಬೇರ್ಪಡಿಸಲಾಗದು. 2018ರಲ್ಲಿ ವರದಿಯಲ್ಲಿ ಭಾಗವಹಿಸಿದ ಸುಮಾರು 16,000 ಪೊಲೀಸ್ ಘಟಕಗಳ ಪೈಕಿ ಸುಮಾರು 2,000 ಮಾತ್ರ ದ್ವೇಷಾಪರಾಧ ನಡೆಯಿತೆಂದು ಬರೆದವು. ಉಳಿದವುಗಳ ಸೊನ್ನೆಯಲ್ಲಿ ನಿಜವಾದ ಶಾಂತಿ ಎಷ್ಟು, ಬರೆಯದೆ ಬಿಟ್ಟುದು ಎಷ್ಟು ಎಂಬುದು ಸೊನ್ನೆಯನ್ನು ನೋಡಿ ತಿಳಿಯುವಂಥದಲ್ಲ.

ಜನರ ಪ್ರತಿಕ್ರಿಯೆಯಲ್ಲಿ ಪದೇ ಪದೇ ಕೇಳಿಬಂದ ಒಂದು ಮಾತನ್ನು ಇನ್ನು ವಿಚಾರಿಸಬೇಕು. ಪೇಟ ಮತ್ತು ಗಡ್ಡವನ್ನು ಕಂಡು ಮುಸಲ್ಮಾನರೆಂದು ತಪ್ಪಾಗಿ ತಿಳಿದು ಸಿಖ್ಖರನ್ನು ಹೊಡೆಯುತ್ತಾರೆ ಎಂಬುದೇ ಆ ಮಾತು. 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾ ನಗರದಲ್ಲಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಬಲಬೀರ್ ಸಿಂಗ್ ಸೋಢಿ ಎಂಬುವರು ಹತರಾದಾಗಲೂ ಹೀಗೆಯೇ ಹೇಳಿದರು. ಹೇಳುವವರ ಮನಸ್ಸಿನಲ್ಲಿ ಕನಿಕರವೇ ಇದ್ದಿರಬಹುದು. ಆದರೆ ಈ ಮಾತಿನ ತರ್ಕವನ್ನು ನೋಡಿರಿ. ಗುರಿ ತಪ್ಪಿತೆಂದರೆ, ಸರಿಯಾದ ಗುರಿಯೊಂದು ಬೇರೆ ಕಡೆ ಇತ್ತೆಂದು ಒಪ್ಪಿದಂತಾಗುವುದಿಲ್ಲವೆ? ನೆರೆಯ ಮುಸಲ್ಮಾನನನ್ನು ಹೊಡೆದಿದ್ದರೆ ಅದು ಸರಿಯಾಗುತ್ತಿತ್ತೆ? ಭೌತವಿಜ್ಞಾನದಲ್ಲಿ ನಾವು ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತೇವೆ. ಯಾದೃಚ್ಛಿಕ ದೋಷ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಸರಾಸರಿಯಲ್ಲಿ ಅಳಿದುಹೋಗುತ್ತದೆ. ವ್ಯವಸ್ಥಿತ ದೋಷವಾದರೋ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ; ಅದರ ಕಾರಣ ಉಪಕರಣದೊಳಗೇ ಇರುತ್ತದೆ. ಅದೇ ಪೇಟಗಳ ಮೇಲೆ ವರ್ಷ ವರ್ಷವೂ ಬೀಳುವ ಪೆಟ್ಟು ಎರಡನೆಯ ಬಗೆಯದು. ಸರಿಪಡಿಸಬೇಕಾದುದು ಗುರಿಯನ್ನಲ್ಲ, ನೋಡುವ ಕಣ್ಣನ್ನು.

ಈ ಕಣ್ಣಿನ ದೋಷ ಎಷ್ಟು ಸುಲಭವಾಗಿ ಹುಟ್ಟುತ್ತದೆಂಬುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿ 1970ರಲ್ಲಿ ಪ್ರಕಟಿಸಿದರು. ಅವರು ಶಾಲೆಯ ಹುಡುಗರಿಗೆ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ, ಎಷ್ಟೆಂದು ಅಂದಾಜು ಮಾಡಿಸಿದರು. ಬಳಿಕ ಹೆಚ್ಚು ಎಣಿಸುವವರು, ಕಡಿಮೆ ಎಣಿಸುವವರು ಎಂದು ಎರಡು ಗುಂಪು ಮಾಡಿದರು. ನಿಜವಾಗಿ ಆ ವಿಂಗಡಣೆ ಚೀಟಿಯೆತ್ತಿದಷ್ಟೇ ಅರ್ಥಹೀನವಾದುದು. ಆದರೂ ಹಣ ಹಂಚಲು ಹೇಳಿದಾಗ ಹುಡುಗರು ಮುಖವನ್ನೇ ಕಾಣದ ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು. ಚುಕ್ಕೆಗಳೇ ಇಷ್ಟು ಮಾಡಬಲ್ಲುವಾದರೆ, ಬಣ್ಣ, ಉಡುಪು, ಮತಗಳ ಮೇಲೆ ಬಹುಕಾಲ ಕಲಿಸಿದ ಭಯ ಏನು ಮಾಡಲಾರದು?

ಇದಕ್ಕೆ ಚಿಕಿತ್ಸೆಯುಂಟೆ? 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ವಿದ್ವಾಂಸರು ಪೂರ್ವಗ್ರಹ ಕರಗಬೇಕಾದರೆ ಎರಡು ಗುಂಪುಗಳು ಕೇವಲ ಎದುರಾದರೆ ಸಾಲದು, ಸಮಾನ ಸ್ಥಾನದಲ್ಲಿ, ಒಂದೇ ಗುರಿಗಾಗಿ, ಕೂಡಿ ದುಡಿಯುತ್ತ, ಸಮಾಜದ ಒಪ್ಪಿಗೆಯೊಡನೆ ಕಲೆಯಬೇಕೆಂದರು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬಿಬ್ಬರು 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಪರ್ಕ ಹೆಚ್ಚಿದಂತೆ ಪೂರ್ವಗ್ರಹ ತಗ್ಗುವುದು ಸಾಮಾನ್ಯವೆಂದು ಕಂಡುಬಂದಿತು. ಪರಿಣಾಮ ದೊಡ್ಡದಲ್ಲ, ಆದರೆ ನಂಬಬಹುದಾದುದು. ಬೀದರಿನ ಗುರುನಾನಕ್ ಝೀರಾದ ಲಂಗರಿನಲ್ಲಿ ಸಾಲಾಗಿ ನೆಲದ ಮೇಲೆ ಕುಳಿತು ಉಂಡ ಕನ್ನಡಿಗರಿಗೆ ಸಮಾನ ಸ್ಥಾನವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಓಕ್ ಕ್ರೀಕಿನಲ್ಲಿ ಹತರಾದ ಗುರುದ್ವಾರದ ಅಧ್ಯಕ್ಷರ ಮಗ, ಹಿಂದೆ ಬಿಳಿಯರ ಶ್ರೇಷ್ಠತೆಯನ್ನು ಸಾರುತ್ತಿದ್ದು ಮನಸ್ಸು ತಿರುಗಿದ ಒಬ್ಬನೊಡನೆ ಸೇರಿ, ಶಾಲೆಯ ಮಕ್ಕಳ ನಡುವೆ ಕೆಲಸ ಮಾಡಿದರು. ಮೇಣದ ಬತ್ತಿ ಒಂದು ರಾತ್ರಿ ಉರಿಯುತ್ತದೆ. ಇಂಥ ಕೆಲಸ ಬಹುಕಾಲ ಉರಿಯುತ್ತದೆ.

ಆ ಗುರುದ್ವಾರದ ಬಾಗಿಲ ಚೌಕಟ್ಟಿನಲ್ಲಿ ಗುಂಡಿನ ಒಂದು ತೂತನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಅದರ ಕೆಳಗೆ, ನಾವೆಲ್ಲರೂ ಒಂದೇ ಎಂಬ ಅರ್ಥದ ಸಣ್ಣ ಫಲಕವಿದೆ. ನಡೆದುದನ್ನು ಮರೆಮಾಡದೆ ದಾಖಲೆಯಾಗಿ ಇಡುವುದು, ಆದರೆ ಅದರಿಂದ ದ್ವೇಷವನ್ನು ಕಲಿಯದಿರುವುದು, ಇವೆರಡೂ ಆ ಬಾಗಿಲಲ್ಲಿ ಒಟ್ಟಿಗೆ ಇವೆ. ವಿಜ್ಞಾನ ನಮಗೆ ಕಲಿಸುವುದೂ ಇದನ್ನೇ. ಮೊದಲು ನಿಜವಾಗಿ ಎಣಿಸೋಣ; ಆಮೇಲೆ ನಮ್ಮ ಉಪಕರಣವನ್ನೂ ನಮ್ಮ ಕಣ್ಣನ್ನೂ ತಿದ್ದಿಕೊಳ್ಳೋಣ.