ಮನೆ ಖಾಲಿಯಾಯಿತೇ? ಬಣ್ಣಕ್ಕೆ ಮೊದಲು ಇವನ್ನು ಮುಗಿಸಿ

ಬಾಡಿಗೆದಾರರು ಸಾಮಾನು ಸಾಗಿಸಿದ ಮರುದಿನವೇ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಬೋರ್ಡ್ ನೇತುಹಾಕಿ ಪೇಂಟರ್‌ಗೆ ಫೋನ್ ಮಾಡುವುದು ಬಹುತೇಕ ಮಾಲೀಕರ ರೂಢಿ. ಆದರೆ ಬಣ್ಣ ಕೊನೆಗೆ ಬರಬೇಕಾದ ಕೆಲಸ. ಸೋರುವ ಪೈಪ್ ಹುಡುಕಲು ಹೊಸ ಬಣ್ಣದ ಗೋಡೆಯನ್ನೇ ಒಡೆಯಬೇಕಾಗಿ ಬಂದರೆ ಖರ್ಚು ಎರಡಾಗುತ್ತದೆ. ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿಸಿ.

1. ಹಳೆಯ ಲೆಕ್ಕ ಮುಗಿಸಿ

ಕೀ ವಾಪಸ್ ಪಡೆಯುವ ದಿನ ಹಳೆಯ ಬಾಡಿಗೆದಾರರ ಜೊತೆಗೇ ಮನೆಯೆಲ್ಲ ನೋಡಿ. ವಿದ್ಯುತ್ ಮೀಟರಿನ ಫೋಟೊ ತೆಗೆದು, ಕೊನೆಯ ಬಿಲ್ಲಿನ ನಂತರ ಬಳಸಿದ ಯೂನಿಟ್‌ಗಳ ಹಣವನ್ನೂ ಲೆಕ್ಕಕ್ಕೆ ಸೇರಿಸಿ. ಅವರು ಗೃಹಜ್ಯೋತಿ ಪಡೆಯುತ್ತಿದ್ದರೆ ಅವರ ಆಧಾರ್ ಈ ಮನೆಯ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಅಡ್ವಾನ್ಸ್ ಹಿಂದಿರುಗಿಸುವ ಮೊದಲೇ ಸೇವಾಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಹೊಸದಾಗಿ ಬಂದವರಿಗೂ ತೊಡಕು, ಹೋದವರಿಗೂ ತೊಡಕು.

ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಬೆಂಗಳೂರಿನಲ್ಲಿದೆ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಹಿಡಿಯಿರಿ. ಹಿಡಿದ ಮೇಲೆ ಬಣ್ಣ ಹೊಡೆಸಿ.

2. ನೀರು

ಓವರ್‌ಹೆಡ್ ಟ್ಯಾಂಕ್ ಆ ಮನೆಯೊಂದಕ್ಕೇ ಇದ್ದರೆ ರಾತ್ರಿ ಅದನ್ನು ತುಂಬಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮಟ್ಟ ಗುರುತು ಮಾಡಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಕಮೋಡಿನ ಫ್ಲಶ್ ಟ್ಯಾಂಕ್ ನೋಡಿ.

ಮನೆ ಖಾಲಿ ಇರುವಾಗಲೇ ಸಂಪ್ ಮತ್ತು ಟ್ಯಾಂಕ್ ತೊಳೆಸಿ. ಬೀಗ ಹಾಕಿದ ಮನೆಯ ಬಾತ್‌ರೂಮ್ ನಾರುತ್ತಿದ್ದರೆ ಗಾಬರಿ ಬೇಡ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರು ಒಣಗಿ, ಚರಂಡಿಯ ಗಾಳಿಯೂ ಜಿರಲೆಗಳೂ ಆ ದಾರಿಯಲ್ಲಿ ಮೇಲೆ ಬರುತ್ತವೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿದರೆ ಸಾಕು.

3. ಕರೆಂಟ್

ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ತಕ್ಷಣ ಕರೆಂಟ್ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಿಸಿ. ಶಾಕ್‌ನಿಂದ ಜೀವ ಉಳಿಸುವ ಸಾಧನ ಅದು. ಗೀಸರ್‌ಗೆ 16 ಆಂಪಿಯರ್ ಸಾಕೆಟ್ ಇದೆಯೇ, ಅರ್ಥಿಂಗ್ ಸರಿಯಿದೆಯೇ ನೋಡಿಸಿ. ಸುಟ್ಟು ಕಪ್ಪಾದ ಸ್ವಿಚ್, ಸಾಕೆಟ್‌ಗಳನ್ನು ಹಾಗೇ ಬಿಡಬೇಡಿ.

4. ಗೋಡೆ, ತಾರಸಿ

ಆಷಾಢದಲ್ಲಿ ಮನೆ ಬದಲಿಸಲು ಅನೇಕರು ಒಪ್ಪುವುದಿಲ್ಲ. ಆಗ ಮನೆ ಖಾಲಿ ಬಿದ್ದರೆ ರಿಪೇರಿಗೆ ಒಳ್ಳೆಯ ಅವಕಾಶ. ತಾರಸಿ ಎಲ್ಲಿ ಸೋರುತ್ತಿದೆ ಎಂಬುದನ್ನು ಮಳೆಯೇ ತೋರಿಸಿಕೊಡುತ್ತದೆ. ಬಣ್ಣಕ್ಕೆ ಮಾತ್ರ ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ. ತೇವದ ಮೇಲೆ ಹೊಡೆದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಮೊಳೆ ಕಿತ್ತ ತೂತುಗಳಿಗೆ ಪುಟ್ಟಿ ತುಂಬಿಸಿ. ಬಣ್ಣದ ಶೇಡ್ ನಂಬರ್ ಬರೆದಿಟ್ಟುಕೊಂಡರೆ ಮುಂದಿನ ಸಲ ಕೆಟ್ಟಷ್ಟೇ ಭಾಗಕ್ಕೆ ಹೊಡೆಸಬಹುದು.

5. ಸ್ವಚ್ಛತೆ

ಕೊಳವೆಬಾವಿ ನೀರಿನ ಬಿಳಿ ಕಲೆ ತೆಗೆಯಲು ಆ್ಯಸಿಡ್ ಸುರಿದರೆ ಮೊಸಾಯಿಕ್, ಮಾರ್ಬಲ್ ನೆಲ ಹಾಳಾಗುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಎಂದೂ ಬಳಸಬೇಡಿ; ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಡುಗೆಮನೆಗೆ ಹೆಚ್ಚು ಗಮನ ಕೊಡಿ. ಬಂದವರು ಮೊದಲು ಹಾಲು ಉಕ್ಕಿಸುವುದು ಅಲ್ಲೇ. ಕಟ್ಟೆ, ಸಿಂಕ್, ಎಕ್ಸಾಸ್ಟ್ ಫ್ಯಾನಿನ ಜಿಡ್ಡು ತೆಗೆಸಿ, ಜಿರಲೆಗೆ ಔಷಧಿ ಹೊಡೆಸಿ.

6. ಬೀಗ, ಫೋಟೊ, ಕರಾರು

ಮುಂಬಾಗಿಲ ಬೀಗ ಬದಲಿಸಿ. ಹಳೆಯ ಕೀಲಿಯ ನಕಲು ಯಾರ ಬಳಿ ಇದೆಯೋ ಹೇಳಲಾಗದು. ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಫ್ಯಾನ್, ಲೈಟ್, ಗೀಸರ್, ಕೀಲಿಗಳ ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಿ. ಬಿಟ್ಟು ಹೋಗುವಾಗ ಅಡ್ವಾನ್ಸ್ ವಿಷಯದಲ್ಲಿ ಏಳುವ ಜಗಳಕ್ಕೆ ಈ ಪಟ್ಟಿಯೇ ಮದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. 11 ತಿಂಗಳ ಕರಾರಿನ ರೂಢಿ ಬಂದದ್ದು ಇದರಿಂದಲೇ.

ಕರಾರಿನ ಜೊತೆ ಇನ್ನೊಂದು ಚೀಟಿ ಕೊಡಿ: ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರ್, ನೀರು ಬಿಡುವ ದಿನ, ಕಸದ ಗಾಡಿ ಬರುವ ಹೊತ್ತು, ಮೋಟಾರಿನ ಸ್ವಿಚ್ ಇರುವ ಜಾಗ. ಮೊದಲ ವಾರ ನಿಮಗೆ ಬರುವ ಎಷ್ಟೋ ಫೋನ್‌ಗಳು ಅಲ್ಲಿಗೇ ತಪ್ಪುತ್ತವೆ.